ಗುಂಡಿನ ಸದ್ದಿಗೆ ಮುಂಚೆ

೧೯೮೪ರ ಮೇ ತಿಂಗಳು. ಬೆಳಗಾವಿ ಕ್ಯಾಂಪಿನ ಟಾಕೀಸಿನಲ್ಲಿ ಮ್ಯಾಟಿನಿ ನಡೆದಿತ್ತು; ಫ್ಯಾನು ಎಷ್ಟು ತಿರುಗಿದರೂ ಬೆವರು ಆರದು. ಖಾನಾಪುರದ ಮೆಕ್ಯಾನಿಕ್ ಮಾರ್ತಾಂಡನ ಬಾಜು ಕೂತವಳು ಗಂಗಾದೇವಿ, ಕಟ್ಟಿಗೆ ಅಡ್ಡೆಯ ಸಾವಕಾರ ತಮ್ಮಣ್ಣನ ಹೆಂಡತಿ. ಬೆಳಗಾವಿಯ ರವಿವಾರ ಪೇಟೆಗೆ ಹೋಗಿ ಬರುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು.

ತೆರೆಯ ಮೇಲೆ ಇಂಗ್ಲಿಷ್ ಪಿಕ್ಚರು. ಅಲ್ಲೂ ಸುಡುವ ಬೇಸಿಗೆ, ಅಲ್ಲೂ ಒಬ್ಬ ಸಾವಕಾರ, ಅವನ ಹೆಂಡತಿ, ಅವಳ ಹುಚ್ಚು ಹಿಡಿದ ಇನ್ನೊಬ್ಬ. ಆ ಇನ್ನೊಬ್ಬ ಬರ್ಫದ ತುಂಡಿನಿಂದ ಅವಳ ಬೆನ್ನು ಒರೆಸುವಾಗ ಮಾರ್ತಾಂಡನಿಗೆ ಉಸಿರೇ ಸಿಕ್ಕಿಕೊಂಡಿತು. ಪಾಪವೂ ಇಷ್ಟು ಚೆಂದ ಇರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ ನೋಡಿ! ಆ ಮಬ್ಬು ಬೆಳಕಿನಲ್ಲಿ ಎಂಥ ಹೇಸಿಗೆಯ ಕೆಲಸಕ್ಕೂ ಒಂದು ರೂಪ ಬಂದುಬಿಡುತ್ತಿತ್ತು. ಅವನ ಕೆಲಸಕ್ಕೂ ಬಂತು. ಗಂಗಾದೇವಿಯ ಮಾತು ಕೇಳಿ, ರಿಪೇರಿಗೆ ಬಂದ ತಮ್ಮಣ್ಣನ ಜೀಪಿನ ಬ್ರೇಕ್ ಪೈಪಿನ ನಟ್ಟನ್ನು ಆ ಬೆಳಿಗ್ಗೆ ಅವನು ಸಡಿಲು ಮಾಡಿ ಬಂದಿದ್ದ. ಸಂಜೆ ತಮ್ಮಣ್ಣ ಅದೇ ಜೀಪಿನಲ್ಲಿ ಲೋಂಡಾದ ಕಾಡಿನ ಹಾದಿ ಹಿಡಿಯುವವನಿದ್ದ.

ಪಿಕ್ಚರಿನ ಹೆಂಡತಿ ನಗುತ್ತ ಪ್ರಿಯಕರನ ಹತ್ತಿರ ಬಂದಳು. ಇತ್ತ ಗಂಗಾದೇವಿ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಳು. ಆಮೇಲೆ ತೆರೆಯ ಮೇಲಿನವಳ ಕೈಯ ಪಿಸ್ತೂಲಿನಿಂದ ಗುಂಡು ಹಾರಿತು, ಟಾಕೀಸಿಗೆ ಟಾಕೀಸೇ ಬೆಚ್ಚಿಬಿತ್ತು. ಅವಳ ಮಾತು ಕೇಳಿ ಅವಳ ಗಂಡನನ್ನು ಕೊಂದಿದ್ದ ಪ್ರಿಯಕರ ಸತ್ತುಬಿದ್ದ, ಅವಳು ಬೇರೊಬ್ಬನ ಕಾರು ಹತ್ತಿ ಹೋದಳು.

"ಇದನ್ನ ಮೊದಲ ನೋಡೀಯೇನ?" ಮಾರ್ತಾಂಡ ಕೇಳಿದ.

"ಇಲ್ಲಪಾ. ನಾ ಯಾವಾಗ ನೋಡ್ಲಿ?"

"ಮತ್ತ ಕಿವಿ ಯಾಕ ಮುಚ್ಕೊಂಡಿ?"

ಗಂಗಾದೇವಿ ಸೆರಗಿನಿಂದ ಕತ್ತು ಒರೆಸಿಕೊಂಡಳು. "ಭಾಳ ಸೆಕಿ ಐತಿ. ನಡಿ, ಹೊರಗ ಹೋಗೂಣು."

ಹೆಂಗಸು ಒಬ್ಬಳೇ ಬಂದು ಇಂಗ್ಲಿಷ್ ಪಿಕ್ಚರಿಗೆ ಕೂರುವ ಕಾಲವೇ ಅದು? ಹಾಗಾದರೆ ಮೊದಲ ಸಲ ಅವಳ ಬಾಜು ಕೂತವನು ಯಾರು? ಮಾರ್ತಾಂಡ ಅವಳನ್ನು ಅಲ್ಲೇ ಬಿಟ್ಟು ಖಾನಾಪುರದ ರೈಲು ಹಿಡಿಯಲು ಸ್ಟೇಷನ್ನಿಗೆ ಓಡಿದ.

ಖಾನಾಪುರದ ಗ್ಯಾರೇಜಿಗೆ ಬಂದರೆ ತಮ್ಮಣ್ಣ ಆಗಲೇ ಜೀಪು ಚಾಲೂ ಮಾಡಿ ಕೂತಿದ್ದ.

"ತಡೀರಿ ಸಾವ್ಕಾರ್ರ! ಬ್ರೇಕ್ ಇನ್ನೊಮ್ಮಿ ನೋಡ್ತೀನ್ರಿ."

"ನೋಡಪಾ, ನೋಡು," ತಮ್ಮಣ್ಣ ನಗುತ್ತ ಇಳಿದ. "ನಮ್ಮಾಕಿ ಊರ ತುಂಬ ಹೇಳ್ಕೋತ ಅಡ್ಡಾಡ್ತಾಳ. ನಮ್ಮ ಗಾಡಿಗಿ ಮಾರ್ತಾಂಡನ್ನ ಬಿಟ್ಟ ಯಾರೂ ಕೈ ಹಚ್ಚಂಗಿಲ್ಲ ಅಂತ."

ಜೀಪಿನ ಕೆಳಗೆ ಮಲಗಿದ್ದ ಮಾರ್ತಾಂಡನ ಕೈಯಿಂದ ನಟ್ಟು ಬಿಗಿಯುವ ಪಾನಾ ಜಾರಿ ಬಿತ್ತು. ಹಿಂಡಲಗಾ ಜೈಲಿನ ಗೋಡೆ ಕಣ್ಣಿಗೆ ಕಟ್ಟಿತು. ನಟ್ಟು ಬಿಗಿದ, ಪೆಡಲನ್ನು ತಾನೇ ತುಳಿದು ತುಳಿದು ನೋಡಿದ. ತಮ್ಮಣ್ಣ ಅವನ ಬೆನ್ನು ತಟ್ಟಿ ಹೊರಟುಹೋದ. ಧೂಳು ಇಳಿದ ಮೇಲೆ ಮಾರ್ತಾಂಡ ಅಲ್ಲೇ ಕುಸಿದು ಅತ್ತ.

ಬದುಕಿದೆಯಾ ಬಡಜೀವವೇ ಎಂದು ಅವನು ಸುಮ್ಮನಿರಬೇಕಿತ್ತು. ಗಂಗಾದೇವಿಯನ್ನು ನೋಡುವುದೇನೋ ಬಿಟ್ಟ. ಆದರೆ ಮುಂದಿನ ಆದಿತ್ಯವಾರ ಮತ್ತೆ ಅದೇ ಟಾಕೀಸಿನಲ್ಲಿ ಒಬ್ಬನೇ ಕೂತಿದ್ದ. ತೆರೆಯ ಮೇಲೆ ಅವಳು ನಗುತ್ತ ಬಂದಳು. ಗುಂಡು ಹಾರುವ ಮೊದಲೇ ಮಾರ್ತಾಂಡ ಎರಡೂ ಕಿವಿ ಮುಚ್ಚಿಕೊಂಡ. ಕಣ್ಣು ಮುಚ್ಚುವುದು ಮಾತ್ರ ಅವನಿಂದ ಆಗಲಿಲ್ಲ.