ಎದುರಿಗೇ ಕಾಣುವ ಕಂಪನಿ

ಪೈಪು ಬೆಚ್ಚಗಿದೆ, ತಗಡಿನ ಹೊದಿಕೆ ದಾಟಿ ಬಿಸಿ ಅಂಗೈಗೆ ಬರುತ್ತಿದೆ ಅಂದರೆ ಒಳಗೆ ಬಿಸಿ ತಡೆಯಲು ಸುತ್ತಿದ ಉಣ್ಣೆ ಎಲ್ಲೋ ನೆನೆದು ಕೂತಿದೆ, ಹಬೆ ಹೋಗುವ ಪೈಪು, ಕಟ್ಟಿದವನು ಯಾವನೋ ಅರ್ಧ ಮನಸ್ಸಿನಲ್ಲಿ ಕಟ್ಟಿ ಎದ್ದುಹೋಗಿದ್ದಾನೆ, ನನ್ನ ಕೈಗೆ ಕೊಟ್ಟಿದ್ದರೆ — ಕೊಡುತ್ತಾರೆ, ನಾಳೆಯಿಂದ ಕೊಡುತ್ತಾರೆ, ನಾಳೆ ಬೆಳಗಿನ ಪಾಳಿಗೆ ಗೇಟು ಮುಚ್ಚುವುದರೊಳಗೆ ನಾನು ನದಿಯ ಆ ದಡದಲ್ಲಿದ್ದರೆ, ಇಲ್ಲದಿದ್ದರೆ ಇಲ್ಲ, ಮೊದಲ ದಿನವೇ ತಡವಾಗಿ ಬಂದವನನ್ನು ಒಳಗೆ ಬಿಡುವುದಿಲ್ಲ, ವೀಸಾ ಕಂಪನಿಯ ಹೆಸರಿನಲ್ಲಿ, ಕಂಪನಿ ಬೇಡ ಅಂದರೆ ದೇಶವೂ ಬೇಡ ಅಂದ ಹಾಗೆ, ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅಂತ ಪೆಟ್ಟಿಗೆ ಕಟ್ಟುತ್ತಿದ್ದೆ, ಆದರೆ ಜಾಮೀನು ನಿಂತಿರುವುದು ಭಾವ, ಅದೇ ಕಂಪನಿಯ ಫಿಟರ್, ನಮ್ಮ ಹುಡುಗ ಕಣ್ರೀ, ನನ್ನ ಹೆಂಡತಿ ತಮ್ಮ, ನಾನು ನೋಡ್ಕೋತೀನಿ ಅಂತ ದೊಡ್ಡವರ ಮುಂದೆ ಮಾತು ಕೊಟ್ಟವರು, ನಾನು ತಪ್ಪಿದರೆ ಅವರ ಮುಖಕ್ಕೂ ಮಸಿ, ಅಕ್ಕನ ಸಂಸಾರಕ್ಕೂ ಮಸಿ, ಅದಕ್ಕೇ ಬೆಳಕಿರುವಾಗಲೇ ದಾರಿಯನ್ನು ಒಮ್ಮೆ ನಡೆದು ನೋಡಿಬಿಡೋಣ ಅಂತ ಬಂದೆ, ದಾರಿ ಅಂದರೆ ಇದು, ಪೈಪಿನ ಸೇತುವೆ, ಪೈಪಿನ ಪಕ್ಕ ಕೆಲಸದವರು ಓಡಾಡಲು ಹಾಸಿದ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ನೀರು, ನೀರು ಸರಿಯುತ್ತಿದೆಯೋ ಸೇತುವೆ ಸರಿಯುತ್ತಿದೆಯೋ, ಕೆಳಗೆ ನೋಡಬೇಡ, ಆ ದಡದ ಕಂಪನಿಯ ಚಿಮಣಿ ನೋಡು, ಚಿಮಣಿ ನೋಡಿಕೊಂಡು ನಡಿ, ಎದುರಿಗೇ ಇದೆಯಲ್ಲ, ಕೋಣೆ ಹಿಡಿದ ದಿನದಿಂದಲೂ ಎದುರಿಗೇ ಇದೆ.

ಭಾವನ ಮನೆ ಕೆಳಗೆ ಕಂಪನಿಯ ಬಸ್ಸು ಬಂದು ನಿಲ್ಲುತ್ತದೆ, ಸೋಫಾದಿಂದ ಎದ್ದು ಮೆಟ್ಟಿಲಿಳಿದರೆ ಮುಗಿಯಿತು, ಆ ಸೋಫಾದ ಮೇಲೆ ಮಲಗಿಕೊಂಡು ಸುಮ್ಮನಿದ್ದರೆ ಆಗುತ್ತಿತ್ತು, ಆದರೆ ಊಟಕ್ಕೆ ಬಂದ ಅವರ ಜೊತೆಯವರ ಎದುರು ಅವರು ಅಂದ ಮಾತು — ಇವನಾ, ಎಂಟನೇ ಕ್ಲಾಸಿಗೆ ಪುಸ್ತಕ ಎಸೆದು ಬಂದೋನು, ಬೆಳಿಗ್ಗೆ ನನ್ನ ಹಿಂದೆ ಬಸ್ ಹತ್ತಿದ್ರೆ ಸಾಕು, ತಲೆ ಖರ್ಚು ಮಾಡೋ ಕಷ್ಟ ಇಲ್ಲ, ಇದ್ರೆ ತಾನೆ ಖರ್ಚಾಗೋದು — ಎಲ್ಲರೂ ನಕ್ಕರು, ಬಾಯಲ್ಲಿ ಅನ್ನ ಇಟ್ಟುಕೊಂಡೇ ನಕ್ಕರು, ನನ್ನ ಕಿವಿಯೊಳಗೆ ಏನೋ ಕುದಿಯಿತು, ನಿಮ್ಮ ಸೋಫಾ ನೀವೇ ಇಟ್ಕೊಳ್ಳಿ ಭಾವ, ನಿಮ್ಮ ಬಸ್ಸೂ ಬೇಡ, ನಿಮ್ಮ ಹಂಗೂ ಬೇಡ, ತಟ್ಟೆ ಹಾಗೇ ಬಿಟ್ಟು ಎದ್ದೆ, ಅಕ್ಕ ಮೆಟ್ಟಿಲವರೆಗೂ ಓಡಿ ಬಂದಳು, ಕೈಯಲ್ಲಿ ಸೌಟು, ಅವರ ಬಾಯಿ ಹಾಗೆ ಕಣೋ, ಮನಸ್ಸು ಹಾಗಲ್ಲ, ನಿನಗೋಸ್ಕರ ಎಷ್ಟು ಜನರ ಕೈಕಾಲು ಹಿಡಿದ್ರು ಗೊತ್ತಾ, ಗೊತ್ತು, ಆ ಬಾಯಿಗೊಂದು ವಾಲ್ವ್ ಹಾಕ್ಸು ಅಕ್ಕ, ಬೇಕಾದ್ರೆ ನಾನೇ ಫಿಟ್ ಮಾಡಿಕೊಡ್ತೀನಿ, ಅಂದೆ, ಆಮೇಲೆ ಬೀದಿಬೀದಿ ಅಲೆದೆ, ಒಂದು ಕೋಣೆಯ ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತದೆ, ಇನ್ನೊಂದರಲ್ಲಿ ಒಂದೇ ಮಂಚ, ಹಗಲು ಮಲಗುವವನು ಒಬ್ಬ, ರಾತ್ರಿ ಮಲಗುವವನು ನಾನು, ಅವನ ಬೆವರು ಆರುವುದರೊಳಗೆ ನನ್ನದು, ಥೂ, ಮತ್ತೊಬ್ಬ ಬಾಗಿಲು ಅರ್ಧ ತೆಗೆದು ನನ್ನ ಮುಖ ನೋಡಿ ಮುಚ್ಚಿಯೇ ಬಿಟ್ಟ, ಆ ಬಾಗಿಲಿಗೆ ಒದೆಯಬೇಕು ಅನ್ನಿಸಿತು, ಒದೆಯಲಿಲ್ಲ, ಪರದೇಶದಲ್ಲಿ ಕಾಲು ಕೂಡ ಕೇಳಿಯೇ ಎತ್ತಬೇಕು. ಕೊನೆಗೆ ಈಗಿರುವ ಕೋಣೆಯ ಒಡತಿ ಸಿಕ್ಕಳು, ಬಿಳಿ ಕೂದಲಿನವಳು, ಅವಳು ತನ್ನ ಭಾಷೆಯಲ್ಲಿ ಫೋನಿಗೆ ಏನೋ ಹೇಳುತ್ತಾಳೆ, ಫೋನು ಅದನ್ನು ಕನ್ನಡ ಮಾಡಿ ಒದರುತ್ತದೆ, ತಾವು ಪಾದರಕ್ಷೆಗಳನ್ನು ಹೊರಗಡೆಯೇ ಬಿಡತಕ್ಕದ್ದು, ತಮ್ಮ ಸ್ನಾನವು ಸಂಕ್ಷಿಪ್ತವಾಗಿರತಕ್ಕದ್ದು, ಯಾವುದೋ ಕಚೇರಿಯ ಗೋಡೆ ಎದ್ದು ಬಂದು ಮಾತಾಡಿದ ಹಾಗೆ, ಈ ದೇಶಕ್ಕೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕೆ, ಅವಳೂ ನಕ್ಕಳು, ಕಂಪನಿಯ ಹೆಸರು ಹೇಳಿದ್ದಕ್ಕೆ ಪರದೆ ಸರಿಸಿ ಕಿಟಕಿಯಲ್ಲಿ ಬೆರಳು ತೋರಿಸಿದಳು, ಅಗೋ ಚಿಮಣಿ, ನೀರಿನ ಆಚೆ, ಕಲ್ಲೆಸೆದರೆ ಬೀಳುವ ಹಾಗೆ. ಅವಳದೇನು ತಪ್ಪು, ಕಾಣುತ್ತದೆ ಅಂತ ತೋರಿಸಿದಳು, ಹೋಗಬಹುದು ಅಂತ ಎಲ್ಲಿ ಹೇಳಿದಳು, ಹೋಗಬಹುದು ಅಂದುಕೊಂಡವನು ನಾನು, ಫೋನಿನಲ್ಲಿ ಮೇಲಿನಿಂದ ತೆಗೆದ ಚಿತ್ರ ದೊಡ್ಡದು ಮಾಡಿ ನೋಡಿದರೆ ದಡದಿಂದ ದಡಕ್ಕೆ ಒಂದು ಗೆರೆ, ಬೇರೆ ಯಾರೇ ಆಗಿದ್ದರೂ ಅದು ಪೈಪು ಅಂತ ಬಿಟ್ಟುಬಿಡುತ್ತಿದ್ದರು, ನಾನು ಫಿಟರ್, ಪೈಪಿನ ಪಕ್ಕ ಓಡಾಡುವ ಜಾಲರಿ ಇದ್ದೇ ಇರುತ್ತದೆ ಅಂತ ನನಗೆ ಗೊತ್ತು, ಪೈಪು ಹೋದಲ್ಲೆಲ್ಲ ಫಿಟರ್ ಹೋಗುತ್ತಾನೆ, ನನಗೆ ಕೆಲಸ ಕಲಿಸಿದ ಗುಂಡು ಮೇಸ್ತ್ರಿ ಹೇಳುತ್ತಿದ್ದ ಮಾತು ಅದು, ರಸ್ತೆಯಲ್ಲಿ ಹೋದರೆ ಹೆದ್ದಾರಿಯ ಸೇತುವೆಯವರೆಗೆ ಸುತ್ತಿ ಬರಬೇಕು, ಬೆಳಗಿನ ಪಾಳಿಯ ಹೊತ್ತಿಗೆ ಇಲ್ಲಿಂದ ಊರ ಬಸ್ಸು ಹೊರಡುವುದೇ ಇಲ್ಲ, ಹೊರಡದಿದ್ದರೆ ಬಿಡು ಅಂದುಕೊಂಡೆ, ಕೋಣೆ ಹಿಡಿದೆ, ಅಕ್ಕನಿಗೆ ಮೆಸೇಜು ಹಾಕಿದೆ, ನಡೆದು ಹೋಗುವಷ್ಟು ಹತ್ತಿರ, ನಿನ್ನ ಗಂಡನಿಗೆ ಹೇಳು, ನನಗೂ ತಲೆ ಇದೆ ಅಂತ.

ತಲೆ. ಸೇತುವೆಗೆ ಹತ್ತುವ ಗೇಟಿಗೆ ಸರಪಳಿ ಸಡಿಲವಾಗಿ ಸುತ್ತಿತ್ತು, ಪಕ್ಕದಲ್ಲಿ ಒಂದು ಬೋರ್ಡು, ಓದಲು ಬಾರದ ಅಕ್ಷರ, ಕೆಂಪು ಬಣ್ಣ, ಫೋನು ಹಿಡಿದು ತೋರಿಸಿದ್ದರೆ ಒಡತಿಯ ಹಾಗೆ ಅದೂ ತಕ್ಕದ್ದು ತಕ್ಕದ್ದು ಅನ್ನುತ್ತಿತ್ತು, ತೋರಿಸಲಿಲ್ಲ, ಹೊಟ್ಟೆ ಒಳಗೆಳೆದು ಸಂದಿಯಲ್ಲಿ ನುಸುಳಿದೆ, ಬೀಸುಗಾಲಿನಲ್ಲಿ ಬಂದೆ, ನಡುವೆ ಒಂದು ಕಡೆ ಕಾಲ ಕೆಳಗೆ ಜಾಲರಿ ಸ್ವಲ್ಪ ವಾಲಿದ ಹಾಗಾಯಿತು, ಹಾರಿ ದಾಟಿದೆ, ಹಳೆಯದು, ಸವೆದಿರಬೇಕು, ಇನ್ನೇನು ಚಿಮಣಿ ಬಂತು, ಗೋಡೆ ಬಂತು, ಬಾಗಿಲು ಎಲ್ಲಿ, ಬಾಗಿಲು ಇರಬೇಕಾದಲ್ಲಿ ತಗಡು, ಹೊಸ ತಗಡು, ಆ ಕಡೆಯಿಂದ ಬೋಲ್ಟ್ ಹಾಕಿ ಬಿಗಿದಿದ್ದಾರೆ, ಈ ಕಡೆ ಬೋಲ್ಟಿನ ತಲೆ ಕೂಡ ಇಲ್ಲ, ಹಿಡಿದು ಅಲ್ಲಾಡಿಸಿದೆ, ಒದ್ದೆ, ಒದ್ದ ಸದ್ದು ನೀರಿನ ಮೇಲೆ ಹೋಗಿ ವಾಪಸು ಬಂತು, ಹಾಗಾದರೆ ನಾಳೆ, ಹಾಗಾದರೆ ನಾಳೆ ಬೆಳಿಗ್ಗೆ ನಾನು ಎಲ್ಲಿಂದ — ತಿರುಗಿ ನೋಡಿದೆ. ನಾನು ಹಾರಿ ದಾಟಿದ ಆ ಜಾಲರಿಯ ಒಂದು ಮೂಲೆ ಗಾಳಿಗೆ ಏಳುತ್ತಿದೆ. ಏಳುತ್ತದೆ, ಕೂರುತ್ತದೆ, ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ, ಟಕ್ ಅನ್ನುತ್ತದೆ, ಕಬ್ಬಿಣ ಕಣೋ ಅದು, ಗಾಳಿಗೆ ಏಳುವ ವಸ್ತುವಲ್ಲ, ನಾನು ಹಾರಿದಾಗ ಅಡಿಯ ಅಡ್ಡ ತೊಲೆಯ ಅಂಚಿನಿಂದ ಜಾರಿ ಒಂದು ಬದಿ ನೇತಾಡುತ್ತಿರಬೇಕು, ಜಾಲರಿ ಮೇಲೆ ಕಾಲಿಡೋ ಮೊದ್ಲು ಅದನ್ನ ತೊಲೆಗೆ ಬಿಗಿಯೋ ಕ್ಲಿಪ್ ನೋಡೋ ಕಪಿ, ಕ್ಲಿಪ್ ಇಲ್ದಿರೋ ಜಾಲರಿ ನೆಲ ಅಲ್ಲ, ಕೆಳಕ್ಕೆ ತೆರೆಯೋ ಬಾಗಿಲು, ಗುಂಡು ಮೇಸ್ತ್ರಿಯ ದನಿ ಕಿವಿಯಲ್ಲೇ ಇದೆ, ಬಗ್ಗಿ ನನ್ನ ಕಾಲ ಕೆಳಗೆ ನೋಡಿದೆ, ಈ ಮೂಲೆಗೆ ಕ್ಲಿಪ್ ಇಲ್ಲ, ಆ ಮೂಲೆಗೂ ಇಲ್ಲ, ಮುಂದಿನದಕ್ಕೂ ಇಲ್ಲ, ಅದರ ಮುಂದಿನದಕ್ಕೂ, ಕ್ಲಿಪ್ ಇದ್ದ ಜಾಗದಲ್ಲಿ ಉಜ್ಜಿದ ಗುರುತು ಹೊಳೆಯುತ್ತಿದೆ, ಹೊಸದಾಗಿ ಬಿಚ್ಚಿದ್ದಾರೆ, ಎಲ್ಲವನ್ನೂ ಬಿಚ್ಚಿದ್ದಾರೆ, ಇಷ್ಟು ದೂರ ನಾನು ನಡೆದು ಬಂದದ್ದು ಸುಮ್ಮನೆ ತಂದಿಟ್ಟ ಹಲಗೆಗಳ ಮೇಲೆ, ಚಿಮಣಿ ನೋಡಿಕೊಂಡು, ಬೀಸುಗಾಲಿನಲ್ಲಿ, ಚೂರು ತೂಕ ಸರಿಸಿದರೆ ಕಾಲ ಕೆಳಗಿನ ಜಾಲರಿಯೂ ಸರಿಯುತ್ತದೆ.

ಫೋನು ತೆಗೆದೆ, ಭಾವನ ಹೆಸರಿನ ಮೇಲೆ ಒತ್ತಿ ಮತ್ತೆ ಕೆಂಪು ಒತ್ತಿದೆ, ಬಿದ್ದು ಸತ್ತರೂ ಆ ಮನುಷ್ಯನಿಗೆ ಮಾಡುವುದಿಲ್ಲ, ಸತ್ತರೂ, ಮತ್ತೆ ಒತ್ತಿದೆ, ಏನಪ್ಪಾ ಸ್ವಾಭಿಮಾನಿ, ನೆನಪಾಯ್ತಾ ನಮ್ಮದು, ಅಂದರು, ಭಾವ, ಅಂದೆ, ಏನೋ ಗಾಳಿ ಸದ್ದು, ಎಲ್ಲಿದ್ದೀಯ, ಸೇತುವೆ ಮೇಲೆ, ಯಾವ ಸೇತುವೆ, ಪೈಪಿಂದು, ಕಂಪನಿ ಪೈಪಿಂದು, ಬೈಯಿರಿ ಭಾವ, ಬೈದರೆ ಧೈರ್ಯ ಬರುತ್ತದೆ, ಲೋ, ಅದರ ಜಾಲರಿ ಬದಲಾಯಿಸ್ತಿದೀವಿ ಕಣೋ, ಕ್ಲಿಪ್ ಪೂರ್ತಿ ಬಿಚ್ಚಿಯಾಗಿದೆ, ನಾನೇ ಬಿಚ್ಚಿದ್ದು, ಈ ಕೈಯಲ್ಲೇ ಬಿಚ್ಚಿದ್ದು, ಅಲ್ಲಾಡಬೇಡ, ಅಡ್ಡ ತೊಲೆ ಎಲ್ಲಿದೆ ನೋಡು, ಎರಡು ಕಾಲೂ ತೊಲೆ ಮೇಲೆ, ಇಟ್ಟೆಯಾ, ಇಟ್ಟೆ ಭಾವ, ಪೈಪ್ ಹಿಡ್ಕೋ, ಹಿಡಿದೆ, ಇಲ್ಲಿ ಕೈ ಸುಡ್ತಿದೆ, ಸುಡ್ಲಿ, ಸುಟ್ರೆ ಬದುಕಿದೀಯ ಅಂತ. ಫೋನಿನಲ್ಲಿ ಭಾವನ ಹಿಂದಿನಿಂದ ಅಕ್ಕನ ದನಿ, ಏನಾಯ್ತು ರೀ, ಯಾರು, ಏನಿಲ್ಲ ಕಣೇ, ನಿನ್ನ ತಮ್ಮ ಕೋಣೆ ನೋಡೋಕೆ ಕರೀತಿದಾನೆ, ಆ ಹಗ್ಗ ಎಲ್ಲಿಟ್ಟಿದೀಯ, ಹಗ್ಗ ಯಾಕ್ರೀ, ಮಂಚ ಮೇಲೆತ್ತೋಕೆ, ಮತ್ತೆ ನನ್ನ ಕಿವಿಗೆ ಪಿಸುಗುಟ್ಟಿದರು, ಕಂಪನಿ ಕಡೆಯಿಂದ ಬಂದ್ರೆ ತಗಡು ತೆಗೆಸಿ ಸುಲಭವಾಗಿ ಕರ್ಕೊಂಡು ಹೋಗಬಹುದು, ಆದ್ರೆ ಸೆಕ್ಯುರಿಟಿಗೆ ಗೊತ್ತಾಗುತ್ತೆ, ನಾಳೆ ನಿನ್ನ ಕೆಲಸ ಇರಲ್ಲ, ನೀನು ನುಗ್ಗಿದ ಗೇಟ್ ಕಡೆಯಿಂದಲೇ ಬರ್ತೀನಿ, ಹೋಗ್ಲಿ ಭಾವ ಕೆಲಸ ಹೋಗ್ಲಿ ಅನ್ನಬೇಕಿತ್ತು, ಅನ್ನಬೇಕು ಅಂತ ಬಾಯಿ ತೆರೆದೆ, ಬೇಗ ಬನ್ನಿ ಅಂತ ಬಂತು, ಆ ಕಡೆ ಸ್ಕೂಟರಿನ ಸದ್ದು, ಸ್ಪೀಕರ್ ಹಾಕಿ ಇಳಿಸಿದ ಫೋನು ನನ್ನ ಜೇಬಿನೊಳಗೇ ಮಾತಾಡುತ್ತಿದೆ, ಇದ್ದೀಯೇನೋ, ಇದ್ದೀನಿ, ಮಾತಾಡ್ತಾ ಇರು, ಏನ್ ಮಾತಾಡ್ಲಿ, ನನ್ನ ಬೈಯೋ, ಊಟದ ಹೊತ್ತಲ್ಲಿ ಪೂರ್ತಿ ಬೈಲಿಲ್ಲವಲ್ಲ, ಬಾಕಿ ಇಟ್ಕೋಬೇಡ, ನಿಧಾನ ಓಡ್ಸಿ ಭಾವ, ಹುಷಾರು, ಅಂದೆ, ಟಕ್, ಆ ಮೂಲೆ ಎದ್ದಿತು, ಕೂತಿತು, ಅದನ್ನು ಬಿಟ್ಟು ಬೇರೆ ಕಡೆ ನೋಡಲಾಗುತ್ತಿಲ್ಲ, ಗೇಟಿನ ಹತ್ತಿರ ಚುಕ್ಕೆಯ ಹಾಗೆ ಭಾವ, ಸರಪಳಿಯ ಸಂದಿಯಲ್ಲಿ ನನ್ನ ಹಾಗೆ ನುಸುಳಲು ಆ ಹೊಟ್ಟೆ ಬಿಡುವುದಿಲ್ಲ, ಮೇಲೆ ಹತ್ತುತ್ತಿದ್ದಾರೆ, ಪ್ಯಾಂಟು ಸಿಕ್ಕಿಕೊಂಡಿತು, ಇಳಿದರು, ಹೆಗಲ ಮೇಲೆ ಹಗ್ಗ, ತೊಲೆಯಿಂದ ತೊಲೆಗೆ ದೊಡ್ಡ ಹೆಜ್ಜೆ, ತಪ್ಪಿದರೆ ನಡುವೆ ಜಾಲರಿ, ಜಾಲರಿಯ ಕೆಳಗೆ ಏನೂ ಇಲ್ಲ, ನನಗಿಂತ ಎಷ್ಟೋ ಭಾರ ಆ ಮನುಷ್ಯ, ನನ್ನನ್ನೇ ವಾಲಿಸಿದ ಜಾಲರಿ ಅವರನ್ನು — ಭಾವ, ಅಲ್ಲೇ ನಿಲ್ಲಿ, ಸಾಕು, ಹಗ್ಗ ಅಲ್ಲಿಂದಲೇ ಎಸೀರಿ, ಎಸೆದರೆ ಸಿಗಲ್ಲ ಕಣೋ, ಗಾಳಿ ನೋಡು, ಮುಂದಿನದು ಜಾರಿದೆ ಭಾವ, ಗೊತ್ತು, ಕಾಣ್ತಿದೆ, ನೀನು ಚಿಮಣಿ ನೋಡು, ನನ್ನ ನೋಡಬೇಡ, ಚಿಮಣಿ ನನ್ನ ಬೆನ್ನ ಹಿಂದಿದೆ, ನನ್ನ ಎದುರಿಗೆ ಇರುವುದು ಭಾವ, ಬೆವರಿದ ಮುಖ, ಎಡಗೈ ಪೈಪಿನ ಮೇಲೆ, ಬಲಗಾಲು ಎತ್ತಿದ್ದಾರೆ, ಆ ಕಾಲಿನ ಕೆಳಗೆ ಮೂಲೆ ಏಳುತ್ತದೆ, ಕೂರುತ್ತದೆ, ಹೋಗಲಿ ಕೆಲಸ, ಸೆಕ್ಯುರಿಟಿಯನ್ನೇ ಕರೀರಿ ಭಾವ, ಕೂಗಿದೆನೋ ಅಂದುಕೊಂಡೆನೋ, ಕಾಲು ಇನ್ನೂ ಗಾಳಿಯಲ್ಲೇ ಇದೆ, ಮೂಲೆ ಏಳುತ್ತದೆ, ಕೂರುತ್ತದೆ, ಕಾಲು, ಮೂಲೆ ಏಳುತ್ತದೆ, ಮೂಲೆ —