ಹದಿನೆಂಟು ಸುತ್ತು

"ಎಡಗೈಲಾ?" ಎಂದು ಜಲ ಕಚೇರಿಯ ಇನ್‌ಸ್ಪೆಕ್ಟರ್ ಕೇಳಿದ.

"ಯಾವ ಕೈ ಅಂತ ನಿಮ್ಮ ನಿಯಮದಲ್ಲಿ ಬರೆದಿಲ್ವಲ್ಲ," ಎಂದ ಮೇಸ್ತ್ರಿ.

ಬರೆದಿರಲಿಲ್ಲ, ನಿಜ. ಬೆಂಕಿ ಆರಿಸಲೆಂದು ಬೀದಿಗಳಲ್ಲಿ ನಿಲ್ಲಿಸಿದ ಹೈಡ್ರಂಟಿನಿಂದ ಬೇರೆ ಕೆಲಸಕ್ಕೆ ನೀರು ತೆಗೆಯಲು ಪರವಾನಗಿ ಬೇಕು. ಅದು ಯಾರ ಹೆಸರಿನಲ್ಲಿದೆಯೋ ಅವರೇ ಹೈಡ್ರಂಟು ತೆರೆಯುವ ಉದ್ದ ಹಿಡಿಯ ಕಬ್ಬಿಣದ ಕೀಲಿ ತಿರುಗಿಸಬೇಕು. ವರ್ಷಕ್ಕೊಮ್ಮೆ ಜಲ ಕಚೇರಿಯ ಹಿಂದಿನ ಅಂಗಳಕ್ಕೆ ಬಂದು, ಅಲ್ಲಿರುವ ಹೈಡ್ರಂಟನ್ನು ತೆರೆದು ಮುಚ್ಚಿ ತೋರಿಸಬೇಕು. ತೆರೆಯಲು ಹದಿನೆಂಟು ಸುತ್ತು, ಮುಚ್ಚಲು ಹದಿನೆಂಟು. ಅರೆಬರೆ ಬಿಟ್ಟರೆ ನೀರು ನೆಲದೊಳಗೆ ಸೋರಿ ಬುಡವನ್ನೇ ಕೊರೆಯುತ್ತದೆ. ಆತುರಪಟ್ಟು ಮುಚ್ಚಿದರೆ ಬೀದಿಯ ಪೈಪು ಒಡೆಯಬಹುದು. ಇಷ್ಟೆಲ್ಲ ಬರೆದವರಿಗೆ ಕೈಯ ಯೋಚನೆ ಮಾತ್ರ ಬಂದಿರಲಿಲ್ಲ.

ಮೇಸ್ತ್ರಿಗೆ ಈ ಪರೀಕ್ಷೆ ಇಪ್ಪತ್ತೆರಡು ವರ್ಷದಿಂದ ನೀರು ಕುಡಿದಷ್ಟು ಸಲೀಸಾಗಿತ್ತು. ರಸ್ತೆ ಕೆಲಸ ನಡೆಯುವಲ್ಲಿ ಧೂಳಡಗಿಸುವ ನೀರಿನ ಲಾರಿ ಅವನದು. ಹೋದ ಚಳಿಗಾಲದಲ್ಲಿ ಪಾರ್ಶ್ವವಾಯು ಬಡಿದಾಗಿನಿಂದ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಲಾರಿ ಓಡಿಸುವುದು ಹೆಂಡತಿ, ಯಾರೂ ನೋಡದಾಗ ಕೀಲಿ ತಿರುಗಿಸುವುದೂ ಹೆಂಡತಿ. ಪರವಾನಗಿಯನ್ನು ಜೇಬಿನಲ್ಲಿಟ್ಟುಕೊಂಡು ಪಕ್ಕದಲ್ಲಿ ಗತ್ತಾಗಿ ಕೂರುವುದಷ್ಟೇ ಅವನ ಪಾಲಿನ ಕೆಲಸ. "ಅಕ್ಕನ ಹೆಸರಿಗೆ ಮಾಡ್ಸಿಬಿಡಿ ಭಾವ," ಎಂದ ಭಾಮೈದ ಚೆನ್ನಾಗಿ ಬೈಸಿಕೊಂಡಿದ್ದ. ಹೆಂಡತಿ ಆಗ ತುಟಿಪಿಟಕ್ಕೆನ್ನಲಿಲ್ಲ. ಅವಳೂ ತನ್ನ ಕಡೆಯೇ ಎಂದುಕೊಂಡು ಅವನು ಒಳಗೊಳಗೇ ಹಿಗ್ಗಿದ್ದ.

ಇವತ್ತು ಕೊನೆಯ ದಿನ. ಪರೀಕ್ಷೆ ಕೈತಪ್ಪಿದರೆ ಸಂಜೆಯೊಳಗೆ ಕೀಲಿ, ನೀರು ಅಳೆಯುವ ಮೀಟರು ಎರಡನ್ನೂ ಕಚೇರಿಗೆ ಒಪ್ಪಿಸಿ, ಲಾರಿಯನ್ನು ಮನೆ ಮುಂದೆ ನಿಲ್ಲಿಸಬೇಕು. ಅದಕ್ಕೇ ಅವನು ತಿಂಗಳಿಡೀ ಲಾರಿಯ ಚಕ್ರದ ನಟ್ಟುಗಳನ್ನು ಎಡಗೈಯಿಂದ ಬಿಚ್ಚಿ ಬಿಗಿದು ಅಭ್ಯಾಸ ಮಾಡಿದ್ದ.

ತೆರೆಯುವುದೇನೋ ಆಯಿತು. ನೀರು ಭೋರ್ಗರೆದು ಚರಂಡಿಗೆ ಬಿತ್ತು. ಬೇರೆಯವರು ದಾಟಬಾರದ ಹಳದಿ ಗೆರೆಯಾಚೆ ಹೆಂಡತಿ ಕೈಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಮುಚ್ಚುವಾಗ ಎಂಟನೆಯ ಸುತ್ತಿಗೆ ಅವನ ತೋಳು ಸೋಲತೊಡಗಿತು. ಹನ್ನೊಂದಕ್ಕೆ ನಿಂತೇಹೋಯಿತು. ಹಲ್ಲು ಕಚ್ಚಿ ಎಳೆದ, ಕೀಲಿ ಅಲುಗಲಿಲ್ಲ. ಇನ್‌ಸ್ಪೆಕ್ಟರ್ ಒಳ್ಳೆಯವನು, ಬೇರೆ ಕಡೆ ನೋಡಿದ. ಮೇಸ್ತ್ರಿಗೆ ಅದೇ ಹೆಚ್ಚು ಚುಚ್ಚಿತು.

"ಏಳು ಉಳೀತು," ಎಂದ ಅವನು ಕೊನೆಗೆ, ಹೆಂಡತಿಯತ್ತ ತಿರುಗದೆ. "ಬಾ."

"ಅವರು ಮುಟ್ಟೋ ಹಾಗಿಲ್ಲ, ಮೇಸ್ತ್ರಿ."

"ಅರ್ಧಕ್ಕೆ ಬಿಡೋ ಹಾಗೂ ಇಲ್ವಲ್ಲ."

ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದ. ಅವಳು ಗೆರೆ ದಾಟಿ ಬಂದು ಕೀಲಿ ಹಿಡಿದಳು. ನಾಲ್ಕು ಸುತ್ತು ಒಂದೇ ಸಮನೆ ಹೋದವು. ಕಡೆಯ ಮೂರನ್ನು ನಿಧಾನ ಮಾಡು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳ ಕೈ ಆಗಲೇ ನಿಧಾನವಾಗಿತ್ತು, ಅವನು ಯಾವತ್ತೂ ಮಾಡಿದ್ದಕ್ಕಿಂತ ನಿಧಾನ. ಪೈಪು ಒಂದಿಷ್ಟೂ ಸದ್ದು ಮಾಡಲಿಲ್ಲ.

"ಇದು ಹೊಸ ಕೈ ಅಲ್ಲ," ಎಂದ ಇನ್‌ಸ್ಪೆಕ್ಟರ್.

"ಅಲ್ಲ," ಎಂದು ಮೇಸ್ತ್ರಿ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಉಸಿರು ಸ್ವಲ್ಪ ಹಗುರಾಯಿತು. "ಹೊಸ ಅರ್ಜಿ ಒಂದು ಕೊಡಿ. ಅವಳ ಹೆಸರಿಗೆ."

"ಕೊಡಬಹುದು. ಹದಿನೆಂಟೂ ಅವರೇ ಮೊದಲಿಂದ ತೋರಿಸಬೇಕಾಗುತ್ತೆ."

"ತೋರಿಸ್ತೀನಿ," ಎಂದಳು ಅವಳು. ಆಮೇಲೆ ಕೈಚೀಲದಿಂದ ಮಡಿಸಿದ ಕಾಗದವೊಂದನ್ನು ತೆಗೆದುಕೊಟ್ಟಳು. ಅದೇ ಅರ್ಜಿ. ಹೆಸರು, ವಿಳಾಸ, ಲಾರಿಯ ನಂಬರು ಎಲ್ಲ ತುಂಬಿತ್ತು, ಫೋಟೊ ಕೂಡ ಅಂಟಿಸಿತ್ತು. ಮಡಿಕೆಗಳು ಸವೆದು ಹರಿಯುವ ಹಾಗಿದ್ದವು.

"ಎಲ್ಲ ಸರಿ ಇದೆ. ತಾರೀಖು ಮಾತ್ರ ಹಳೇದು," ಎಂದು ಇನ್‌ಸ್ಪೆಕ್ಟರ್ ಕಾಗದ ತಿರುಗಿಸಿ ತೋರಿಸಿದ.

ಮೇಸ್ತ್ರಿ ಓದಿದ. ಅವನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮರುದಿನದ ತಾರೀಖು. ಅವನಿಗೆ ನಾಚಿಕೆಯಾಯಿತು, ಅವಳ ಮುಖ ನೋಡಲು ಸ್ವಲ್ಪ ಹೊತ್ತು ಬೇಕಾಯಿತು.

"ಹೇಳಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ," ಎಂದಳು.

ಅವನು ಇನ್‌ಸ್ಪೆಕ್ಟರನ ಪೆನ್ನು ಇಸಿದುಕೊಂಡು, ಹಳೆಯ ತಾರೀಖಿಗೆ ಗೆರೆ ಎಳೆದು, ಎಡಗೈಯಿಂದ ಇವತ್ತಿನದನ್ನು ಬರೆಯತೊಡಗಿದ. ಕಾಗದ ಜಾರಿತು. ಅವಳು ಎರಡು ಬೆರಳಿಟ್ಟು ಹಿಡಿದುಕೊಂಡಳು.