ಮೂಗಿನ ಮುಂದೆ ನಿಂತ ಮುಷ್ಟಿ

ಅಪ್ಪನ ಅಂಗಡಿಯ ತೊಗರಿಬೇಳೆಗೆ ಹುಳ ಬಿದ್ದರೆ ಆ ಹುಳಗಳಿಗೆ ಸಿಗುವಷ್ಟು ಉಪಚಾರ ಗಿರಾಕಿಗಳಿಗೂ ಸಿಗುವುದಿಲ್ಲ. ಮೊರದಲ್ಲಿ ಕೇರಿ, ಹಳೆಯ ಪೇಪರಿನ ಮೇಲೆ ಜೋಪಾನವಾಗಿ ಇಳಿಸಿ, ಹಿತ್ತಲಿನ ನೆರಳಿಗೆ ಒಯ್ದು ಬಿಟ್ಟುಬರುತ್ತಾರೆ. ಅಷ್ಟು ಹೊತ್ತು ಗಿರಾಕಿ ಕಾಯಬೇಕು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರವಿರಾಜರ ದಿನಸಿ ಅಂಗಡಿ ಎಲ್ಲಿ ಎಂದು ಕೇಳಿದರೆ ಕೆಲವರು ಯೋಚಿಸುತ್ತಾರೆ. ಹುಳ ಬಿಡುವ ಅಂಗಡಿ ಎಂದರೆ ತಕ್ಷಣ ದಾರಿ ತೋರಿಸುತ್ತಾರೆ.

ಅಂಥವರ ಮಗಳು ಅಕ್ಷಯಾ, ಅಂದರೆ ನಾನು, ಕರಾಟೆ ಕಲಿತವಳು. ನಾಲ್ಕನೇ ಕ್ಲಾಸಿನಲ್ಲಿ ಭರತನಾಟ್ಯ ಅಥವಾ ಕರಾಟೆ, ಎರಡರಲ್ಲಿ ಒಂದಕ್ಕೆ ಹೆಸರು ಕೊಡಬೇಕಿತ್ತು. ನಾಟ್ಯದ ಟೀಚರು ನನ್ನ ಮುಖದಲ್ಲಿ ಶೃಂಗಾರಕ್ಕೆ ಜಾಗವಿಲ್ಲ, ಬರೀ ಸಿಟ್ಟೇ ತುಂಬಿದೆ ಎಂದು ಎಲ್ಲರ ಮುಂದೆ ಹೇಳಿದರು. ಅದನ್ನು ನಿಜ ಮಾಡಿ ತೋರಿಸಿಯೇ ನಾನು ಈಚೆ ಬಂದೆ.

ಆಗ ನಮ್ಮ ಶಾಲೆಗೆ ಬಂದು ಕರಾಟೆ ಕಲಿಸುತ್ತಿದ್ದ ಲೋಕನಾಥ ಮಾಸ್ಟ್ರನ್ನು ಅಪ್ಪ ವಿಚಾರಿಸಿದರು. ಅವರಿಗೆ ಗೊತ್ತಾಗಬೇಕಿದ್ದದ್ದು ಒಂದೇ, ಇದರಲ್ಲಿ ಇನ್ನೊಬ್ಬರಿಗೆ ಹೊಡೆಯಬೇಕೇ ಎಂದು. ಮಾಸ್ಟ್ರು ಎರಡು ಬಗೆಯಿದೆ ಎಂದು ವಿವರಿಸಿದರು. ಎದುರಾಳಿ ಇದ್ದಾನೆಂದು ಭಾವಿಸಿಕೊಂಡು ಒಬ್ಬರೇ ಮಾಡುವುದು ಕಟಾ. ನಿಜವಾದ ಎದುರಾಳಿಯ ಜೊತೆ ಕಾದುವುದು ಕುಮಿಟೆ. ಎದುರಿಗೆ ಯಾರೂ ಇಲ್ಲದಿದ್ದರೆ ಹಿಂಸೆಯೂ ಇಲ್ಲ ಎಂದು ಅಪ್ಪ ಲೆಕ್ಕ ಹಾಕಿ ಕಟಾಕ್ಕೆ ಮಾತ್ರ ಒಪ್ಪಿಗೆ ಕೊಟ್ಟರು. ಜೋಡಿಯಾಗಿ ಅಭ್ಯಾಸ ಮಾಡುವಾಗ ಮುಷ್ಟಿ ಎದುರಿನವರಿಗೆ ಒಂದು ಬೆರಳು ದೂರದಲ್ಲೇ ನಿಲ್ಲಬೇಕು ಎಂಬುದು ಅವರದೇ ಷರತ್ತು. ಹಾಗೆ ನಿಲ್ಲಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಎಷ್ಟು ರಭಸದಿಂದ ಹೋದರೂ ಎದುರಿದ್ದವರ ಮೂಗಿನ ತುದಿಯ ಬೆವರಿಗೂ ನನ್ನ ಕೈ ತಾಗುತ್ತಿರಲಿಲ್ಲ. ಕಟಾದಲ್ಲಿ ಗೆದ್ದ ಕಪ್ಪುಗಳಿಂದ ಮನೆಯ ಶೋಕೇಸು ತುಂಬಿತು. ಅನಂತಮತಿ ಅಜ್ಜಿ ಬಸದಿಗೆ ಹೋಗಿ ಬಂದವರು ಅವುಗಳ ಧೂಳು ಒರೆಸಿ, ಬಂದ ನೆಂಟರಿಗೆಲ್ಲ ನಮ್ಮ ಹುಡುಗಿ ಯಾರಿಗೂ ನೋವು ಮಾಡದೆ ಗೆದ್ದದ್ದು ಎಂದು ಹೇಳುತ್ತಿದ್ದರು.

ಈಗ ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೇನೆ. ಶನಿವಾರ ಮಧ್ಯಾಹ್ನ ಬಿ.ಸಿ. ರೋಡಿಗೆ ಹೋಗಿ ಮಾಸ್ಟ್ರ ಕ್ಲಾಸಿನ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತೇನೆ. ಅವರಲ್ಲೊಬ್ಬಳು ಸಿದ್ಧಕಟ್ಟೆಯ ಪ್ರಾಪ್ತಿ, ಆರನೇ ಕ್ಲಾಸು. ನಾನು ಆ ದಾರಿಯಾಗಿಯೇ ಮೂಡುಬಿದಿರೆಗೆ ಹೋಗುವುದರಿಂದ ಅವಳ ಅಮ್ಮ ಜಲಜಾಕ್ಷಿ ಮಗಳನ್ನು ನನ್ನ ಜೊತೆ ಬಸ್ಸಿನಲ್ಲಿ ಕಳಿಸುತ್ತಿದ್ದರು. ಕರಾಟೆ ಟೀಚರೇ ಜೊತೆಗಿದ್ದ ಮೇಲೆ ಹೆದರಿಕೆ ಯಾಕೆ ಎಂದು ಅವರೇ ನಗುತ್ತ ಹೇಳಿದ್ದರು.

ಜೂನ್ ತಿಂಗಳ ಒಂದು ಶನಿವಾರ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಹಿಂದೆ ಇಸ್ತ್ರಿ ಹಾಕಿದ ಅಂಗಿಯ ಒಬ್ಬ ಮನುಷ್ಯ ನಿಂತಿದ್ದ. ಅವನ ಕೈ ಪ್ರಾಪ್ತಿಯ ಬೆನ್ನ ಮೇಲಿತ್ತು. ನೂಕುನುಗ್ಗಲಿಗೆ ತಾಗಿದ ಕೈಯಲ್ಲ, ನೋಡಿದರೇ ಗೊತ್ತಾಗುತ್ತಿತ್ತು. ಪ್ರಾಪ್ತಿ ಕಿರುಚಲಿಲ್ಲ, ಅಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ. ಇನ್ನು ಅಕ್ಕ ನೋಡಿಕೊಳ್ಳುತ್ತಾಳೆ ಎಂಬ ಪೂರ್ತಿ ನಂಬಿಕೆ ಆ ನೋಟದಲ್ಲಿತ್ತು.

ನಾನು ಅವನ ಕೈಯನ್ನು ತಳ್ಳಿಹಾಕಿ, ಮುಖಕ್ಕೆ ಗುರಿಯಿಟ್ಟು ಮುಷ್ಟಿ ಬೀಸಿದೆ. ಕಾಲಿನ ನಿಲುವು, ಸೊಂಟದ ತಿರುವು ಎಲ್ಲ ಸರಿಯಾಗಿಯೇ ಇತ್ತು. ಮುಷ್ಟಿ ಅವನ ಮೂಗಿನ ಮುಂದೆ ಒಂದು ಬೆರಳು ದೂರದಲ್ಲಿ ಹೋಗಿ ನಿಂತಿತು.

ಅವನು ಮೊದಲು ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ ತೆರೆದು ಮುಷ್ಟಿಯನ್ನು ನೋಡಿದ, ನನ್ನನ್ನು ನೋಡಿದ, ನಕ್ಕ. ಹೊಡಿ ನೋಡುವ ಎಂದು ತುಳುವಿನಲ್ಲಿ ಹೇಳಿದ. ನಾನು ಹೊಡೆಯಬೇಕೆಂದೇ ಇದ್ದೆ, ದೇವರಾಣೆ. ಕೈ ಮುಂದೆ ಹೋಗಲಿಲ್ಲ. ಮುಂದಿನ ಸ್ಟಾಪಿನಲ್ಲಿ ಅವನು ಯಾವ ಅವಸರವೂ ಇಲ್ಲದೆ ಇಳಿದುಹೋದ.

ಕಂಡಕ್ಟರ್ ಶಂಭುವಿಗೆ ಆತನ ಗುರುತಿತ್ತು. ನಾವು ದೂರು ಕೊಟ್ಟೆವು. ಠಾಣೆಗೆ ಕರೆಸಿ ಕೇಸು ಹಾಕಿದರು. ಕಾನೂನಿನ ಕೆಲಸ ಕಾನೂನು ಮಾಡಿತು. ನನ್ನ ಕೆಲಸ ಮಾತ್ರ ಬಾಕಿ ಉಳಿಯಿತು. ಪ್ರಾಪ್ತಿ ಕ್ಲಾಸಿಗೆ ಬರುವುದನ್ನು ನಿಲ್ಲಿಸಿದಳು. ಫೋನು ಮಾಡಿದರೆ ಜಲಜಾಕ್ಷಿ ಸಿಟ್ಟಿನಿಂದ ಮಾತಾಡಲಿಲ್ಲ, ಅದೇ ಹೆಚ್ಚು ನೋವಾಯಿತು. ಹುಡುಗಿ ಶಾಲೆಗೂ ಒಬ್ಬಳೇ ಹೋಗುವುದಿಲ್ಲ ಎನ್ನುತ್ತಾಳಂತೆ. "ನೀವು ಇಷ್ಟು ಕಲಿತವರಿಗೇ ಆಗಲಿಲ್ಲ. ಇನ್ನು ಅವಳು ಕಲಿತು ಎಂತ ಮಾಡುದು?" ಎಂದು ಕೇಳಿದರು. ಅದಕ್ಕೆ ಉತ್ತರ ಸಿಗುವವರೆಗೆ ಒಂದು ಕಪ್ಪನ್ನೂ ಮುಟ್ಟುವುದಿಲ್ಲ, ಆ ಹುಡುಗಿಯನ್ನು ಕ್ಲಾಸಿಗೆ ತಿರುಗಿ ತಂದೇ ಸಿದ್ಧ ಎಂದು ನಿಶ್ಚಯ ಮಾಡಿದೆ.

ಮೊದಲು ಹೋದದ್ದು ಮಾಸ್ಟ್ರ ಬಳಿಗೆ. ನನಗೆ ಹೊಡೆಯಲು ಕಲಿಸಿ ಎಂದೆ. ಲೋಕನಾಥ ಮಾಸ್ಟ್ರು ಬರೀ ಕರಾಟೆಯವರಲ್ಲ, ಅವರ ಬೀದಿಯ ಕತ್ತಿವರಸೆಯ ತಾಲೀಮು ತಂಡಕ್ಕೂ ಅವರೇ ಗುರು. ಕೃಷ್ಣಾಷ್ಟಮಿಯ ಮೊಸರುಕುಡಿಕೆಯ ಮೆರವಣಿಗೆಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಮಲಗಿದವನ ಹೊಟ್ಟೆಯ ಮೇಲಿಟ್ಟ ಸೌತೆಕಾಯಿಯನ್ನು ಕತ್ತಿಯಿಂದ ಎರಡು ಹೋಳು ಮಾಡುವವರು. ಅವರು ತಲೆ ಕೆರೆದುಕೊಂಡರು. ತಾಲೀಮು ಜನ ನೋಡಿ ಸಿಳ್ಳೆ ಹೊಡೆಯಲಿಕ್ಕೆ, ಕರಾಟೆ ಮಕ್ಕಳಿಗೆ ಶಿಸ್ತು ಬರಲಿಕ್ಕೆ, ಪಾಯಿಂಟು ಸಿಗಲಿಕ್ಕೆ ಎಂದು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡರು. ತಮ್ಮ ಜೀವಮಾನದಲ್ಲಿ ಬೀದಿಯಲ್ಲಿ ಒಬ್ಬನಿಗೂ ಹೊಡೆದವರಲ್ಲವಂತೆ. ಬೇಕಾದರೆ ಕುಮಿಟೆಗೆ ಸೇರು, ಕಾಲೇಜು ಟೀಮಿನವರೂ ಕೇಳುತ್ತಿದ್ದಾರಲ್ಲ ಎಂದರು. ಅಪ್ಪನ ಮಾತು ಅವರಿಗೆ ಮರೆತಿತ್ತು, ನನಗೆ ಮರೆತಿರಲಿಲ್ಲ.

ಮುಂದಿನ ವಾರ ವಿಟ್ಲದ ಬಸ್ಸು ಹತ್ತಿ ಕನ್ಯಾನಕ್ಕೆ ಹೋದೆ. ಅಲ್ಲಿ ಅಬ್ದುಲ್ ನಾಸಿರ್ ಗುರುಕ್ಕಳ್ ಕೇರಳದ ಕಳರಿ ಕಲಿಸುತ್ತಾರೆ, ನಿಜವಾದ ಕಾಳಗದ ವಿದ್ಯೆ ಎಂದು ಕೇಳಿದ್ದೆ. ಕಾಳಗ ನೋಡಲು ಹೋದರೆ ಕಂಡದ್ದು ಎಣ್ಣೆಯ ಬಾಣಲೆ. ಭುಜ ಜಾರಿದ ರಬ್ಬರ್ ಟ್ಯಾಪಿಂಗಿನವನೊಬ್ಬ ಬೆಂಚಿನ ಮೇಲೆ ಕೂತಿದ್ದ. ಗುರುಕ್ಕಳ್ ಅವನ ಭುಜವನ್ನು ತಿಕ್ಕುತ್ತಿದ್ದರು. ಪೆಟ್ಟು ಎಲ್ಲಿ ಬಿದ್ದರೆ ಮನುಷ್ಯ ಬೀಳುತ್ತಾನೆ ಎಂಬುದು ತಮಗೆ ಗೊತ್ತು, ಅದೇ ಜಾಗಕ್ಕೆ ಎಣ್ಣೆ ಹಾಕುವುದೇ ಈಗ ಮುಖ್ಯ ಕೆಲಸ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಎರಡು ತಾಲೂಕು ಸುತ್ತಿದರೂ ಹೊಡೆದು ಗೊತ್ತಿರುವ ಒಬ್ಬ ಗುರು ಇಲ್ಲವೇ ಎಂದು ಅವರ ಮುಂದೆಯೇ ಕೇಳಿಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಕೈ ಒರೆಸಿಕೊಂಡು ಬಂದು, ಎಲ್ಲಿ ಒಂದು ಹೊಡಿ ಎಂದು ತಮ್ಮ ಎದೆ ತೋರಿಸಿದರು. ನನ್ನ ಮುಷ್ಟಿ ಹೋಗಿ ಬೆರಳು ದೂರದಲ್ಲಿ ನಿಂತಿತು. ಹೀಗೆ ನಿಲ್ಲಿಸಲು ಕಲಿಸಿದ್ದು ಯಾರೆಂದು ಕೇಳಿದರು; ಅಪ್ಪನ ಷರತ್ತನ್ನು ಹೇಳಿದೆ.

"ಕೈ ಸರಿ ಉಂಟು," ಎಂದರು ಅವರು. "ಮರಳಿನ ಗೋಣಿಗೆ ಹೊಡೆದು ಪ್ರಯೋಜನ ಇಲ್ಲ. ಒಬ್ಬ ಮನುಷ್ಯನಿಗೆ ಪೆಟ್ಟು ತಾಗ್ಬೇಕು, ತಾಗಿದ್ದು ನಿನಗೆ ಗೊತ್ತಾಗ್ಬೇಕು. ಅದು ನಿನ್ನ ಮನೆಯವರ ಹತ್ರವೇ ಆಗ್ಬೇಕಷ್ಟೆ, ನನ್ನ ಹತ್ರ ಆಗುದಿಲ್ಲ."

ನಮ್ಮ ಮನೆಯಲ್ಲಿ ಊಟ ಸೂರ್ಯ ಮುಳುಗುವ ಮೊದಲು. ಆ ಶನಿವಾರ ಕ್ಲಾಸು ಮುಗಿಸಿ ಬಂದು ಊಟಕ್ಕೆ ಕೂತಾಗ ಬಸ್ಸಿನ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಮುಷ್ಟಿ ನಿಂತದ್ದನ್ನೂ ಹೇಳಿದೆ. ದೂರು ಕೊಟ್ಟದ್ದು ಮಾತ್ರ ಅವರಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಅಪ್ಪ ತುತ್ತು ಕೈಯಲ್ಲೇ ಹಿಡಿದುಕೊಂಡು ಕೂತರು. ಮಾತು ತೆಗೆದದ್ದು ಅಜ್ಜಿ. ಹಿಂಸೆಯಲ್ಲಿ ನಾಲ್ಕು ಬಗೆ ಎಂದು ಚಿಕ್ಕಂದಿನಿಂದ ನಮಗೆ ಪಾಠ ಮಾಡಿದವರು ಅವರು. ಅಡುಗೆ, ಮನೆಗೆಲಸದಲ್ಲಿ ಆಗುವುದು ಒಂದು, ಹೊಟ್ಟೆಪಾಡಿನ ಕಸುಬಿನಲ್ಲಿ ಆಗುವುದು ಒಂದು. ನೋಯಿಸಬೇಕೆಂದೇ ನೋಯಿಸುವುದು ಸಂಕಲ್ಪಿ. ಅದನ್ನು ಎಲ್ಲರೂ ಬಿಡಬೇಕು. ಮೇಲೆ ಬಿದ್ದವನನ್ನು ತಡೆಯುವುದು ವಿರೋಧಿ. ಅದನ್ನು ಮುನಿಗಳು ಬಿಡುತ್ತಾರೆ, ಸಂಸಾರಸ್ಥರು ಬಿಟ್ಟರೆ ನಡೆಯುವುದಿಲ್ಲ.

"ನೀನು ಮುನಿ ಅಲ್ಲ, ಅಕ್ಷೂ," ಎಂದರು ಅಜ್ಜಿ. "ಆ ಮಗುವಿಗೆ ಆಸರೆ ಇದ್ದದ್ದು ನೀನೊಬ್ಬಳೇ. ತಾಗ್ಬೇಕಿತ್ತು."

ಹಾಗಾದರೆ ಕುಮಿಟೆ ಕಲಿಯಬಹುದಲ್ಲ ಎಂದು ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಆಗದು ಎಂದರು. ಅಲ್ಲಿ ಎದುರಿಗೆ ಬರುವ ಹುಡುಗಿ ನಿನಗೇನು ಕೆಟ್ಟದ್ದು ಮಾಡಿದ್ದಾಳೆ, ಗೆಲ್ಲಲಿಕ್ಕೆಂದು ಹೊಡೆದರೆ ಅದು ಸಂಕಲ್ಪಿಯೇ ಎಂದು ಮೆಲ್ಲಗೆ ಹೇಳಿದರು. ಹಾಗಾದರೆ ತಪ್ಪಿತಸ್ಥನಿಗೆ ಹೊಡೆಯುವುದನ್ನು ಯಾರ ಮೇಲೆ ಕಲಿಯಬೇಕು, ತಪ್ಪಿತಸ್ಥನನ್ನೇ ಬಾಡಿಗೆಗೆ ತರಬೇಕೇ ಎಂದು ನಾನು ಕೇಳಿದೆ. ಅಪ್ಪ ಅರ್ಧ ಊಟದಲ್ಲೇ ಎದ್ದು ಅಂಗಡಿಗೆ ಹೋದರು. ಅನ್ನ ಬಿಟ್ಟು ಎದ್ದ ಅಪ್ಪನನ್ನು ನಾನು ಅದುವರೆಗೆ ನೋಡಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ನಾಳೆಯೇ ಮಾಸ್ಟ್ರಲ್ಲಿ ಕುಮಿಟೆಗೆ ಹೆಸರು ಕೊಡುವುದು, ಮನೆಯಲ್ಲಿ ಏನು ಬೇಕಾದರೂ ಆಗಲಿ ಎಂದುಕೊಂಡೆ.

ಮರುದಿನ ಭಾನುವಾರ. ಹೇಳದೆ ಕೇಳದೆ ಬಿ.ಸಿ. ರೋಡಿಗೆ ಹೋದೆ. ಮಾಸ್ಟ್ರ ಕ್ಲಾಸು ನಡೆಯುವ ಹಾಲ್‌ನಲ್ಲಿ ಮೊಸರುಕುಡಿಕೆಗೆ ತಾಲೀಮಿನ ತಯಾರಿ ನಡೆದಿತ್ತು. ತಾಸೆ ವಾದ್ಯದ ಸದ್ದಿಗೆ ಹುಡುಗರು ಮೊಂಡು ಕತ್ತಿ ಬೀಸುತ್ತಿದ್ದರು. ಅದು ಮುಗಿಯಲಿ ಎಂದು ಗೋಡೆಗೆ ಒರಗಿ ಕಾಯುತ್ತಿದ್ದಾಗ ಬಾಗಿಲಲ್ಲಿ ಅಪ್ಪ ಕಾಣಿಸಿದರು. ಬಿಳಿ ಅಂಗಿ, ಪಂಚೆ, ಕಂಕುಳಲ್ಲಿ ಕೊಡೆ. ಭಾನುವಾರ ಬೆಳಿಗ್ಗೆ ಒಳ್ಳೆಯ ವ್ಯಾಪಾರದ ಹೊತ್ತು; ನಾನು ಇಲ್ಲಿಗೇ ಬಂದಿರುತ್ತೇನೆಂದು ಊಹಿಸಿ, ಆ ಹೊತ್ತಿನಲ್ಲಿ ಅಂಗಡಿಗೆ ಬೀಗ ಹಾಕಿ ಬಂದಿದ್ದಾರೆ. ಎಳೆದುಕೊಂಡು ಹೋಗಲಿಕ್ಕೇ ಬಂದದ್ದು ಎಂದುಕೊಂಡು ನಾನು ಜಗಳಕ್ಕೆ ತಯಾರಾದೆ. ಅಷ್ಟರಲ್ಲಿ ಅವರ ಹಿಂದಿನಿಂದ ಜಲಜಾಕ್ಷಿ ಬಂದರು, ಅವರ ಕೈ ಹಿಡಿದುಕೊಂಡು ಪ್ರಾಪ್ತಿ ಬಂದಳು. ಅಪ್ಪ ಸಿದ್ಧಕಟ್ಟೆಯಲ್ಲಿ ಇಳಿದು, ಗುರುತು ಪರಿಚಯವಿಲ್ಲದ ಮನೆಯ ಬಾಗಿಲು ತಟ್ಟಿ, ಅರ್ಧ ಗಂಟೆಯ ಮಟ್ಟಿಗೆ ಬನ್ನಿ ಎಂದು ಕೈ ಮುಗಿದು ಕರೆತಂದಿದ್ದರು.

ಅಪ್ಪ ನನ್ನ ಹತ್ತಿರ ಬರಲಿಲ್ಲ. ನೇರವಾಗಿ ಮಾಸ್ಟ್ರ ಬಳಿಗೆ ಹೋಗಿ, ಕುಮಿಟೆಯವರು ಎದೆಗೆ ಕಟ್ಟುವ ಗಾರ್ಡ್ ಇದೆಯೇ ಎಂದು ಕೇಳಿದರು. ಅಂಗಿಯ ಮೇಲೆಯೇ ಅದನ್ನು ಕಟ್ಟಿಸಿಕೊಂಡರು. ಪಂಚೆಯನ್ನು ಮೇಲೆ ಕಟ್ಟಿ, ಹಾಲ್‌ನ ನಡುವೆ ಬಂದು ನನ್ನ ಎದುರು ನಿಂತರು. ತಾಸೆ ತಾನಾಗಿಯೇ ನಿಂತಿತು. ಒಬ್ಬ ಹುಡುಗನಿಗೆ ನಗು ಬಂತು. ಮಾಸ್ಟ್ರು ಅವನನ್ನು ಒಮ್ಮೆ ನೋಡಿದರು, ನಗು ನಿಂತಿತು.

"ನನಗೆ ಹೊಡಿ," ಎಂದರು ಅಪ್ಪ.

ನಾನು ಬೇಡ ಎಂದೆ. ಅಪ್ಪ ಅಲ್ಲಾಡಲಿಲ್ಲ. ನಾನೇ ಒಪ್ಪಿ ನಿಂತಿದ್ದೇನೆ, ಇದರಲ್ಲಿ ಪಾಪವಿದ್ದರೆ ಅದು ನನ್ನ ಲೆಕ್ಕಕ್ಕೆ ಎಂದರು. ಮುಷ್ಟಿ ಹೋಯಿತು. ಗಾರ್ಡಿನ ಮುಂದೆ ನಿಂತಿತು. ಪುನಃ ಎಂದರು. ಪುನಃ ಹೋಯಿತು, ಅಲ್ಲೇ ನಿಂತಿತು. ಪ್ರಾಪ್ತಿ ನೋಡುತ್ತಿದ್ದಾಳೆ ಎಂಬುದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಅಳು ಬಂತು; ನಾಚಿಕೆಯೂ ಆಯಿತು.

"ಈ ನಿಲ್ಲಿಸುದನ್ನು ನಿನಗೆ ಕಲಿಸಿದ್ದು ನಾನು," ಎಂದರು ಅಪ್ಪ. "ಆ ದಿನ ಬಸ್ಸಿನಲ್ಲಿ ನಿನ್ನ ಕೈ ಹಿಡಿದದ್ದು ನಾನೇ. ರಾತ್ರಿ ಇಡೀ ಯೋಚನೆ ಮಾಡಿದೆ. ಅವ ನಕ್ಕದ್ದು ನನ್ನನ್ನು ನೋಡಿ. ಈಗ ಬಿಡ್ತಾ ಇದ್ದೇನೆ ಮಗಾ, ಹೊಡಿ."

ಅವರ ಕಣ್ಣು ತುಂಬಿತ್ತು, ಕಾಲು ಮಾತ್ರ ಗಟ್ಟಿಯಾಗಿ ನೆಲಕ್ಕೂರಿತ್ತು. ಆ ಕಾಲನ್ನು ನೋಡಿ ನಾನೂ ಕಾಲೂರಿದೆ. ಈ ಸಲ ಮುಷ್ಟಿ ಆ ಬೆರಳು ದೂರವನ್ನು ದಾಟಿತು. ಗಾರ್ಡಿನ ಕೆಳಗೆ ಮೆತ್ತಗೆ, ಬೆಚ್ಚಗೆ, ಉಸಿರಾಡುವ ಒಂದು ಮೈ ಸಿಕ್ಕಿತು. ಅಪ್ಪ ಹಿಂದಕ್ಕೆ ಹೋಗಿ ದೊಪ್ಪನೆ ಕೂತುಬಿಟ್ಟರು. ಉಸಿರು ಸಿಕ್ಕಿಕೊಂಡು ಬಾಯಿ ಕಳೆದರು. ನಾನು ಓಡಿಹೋದೆ. ಅವರು ಹತ್ತಿರ ಬರಬೇಡವೆಂದು ಕೈ ಮಾಡಿ, ನೆಲಕ್ಕೆ ಅಂಗೈ ಊರಿ, ತಾವಾಗಿಯೇ ಎದ್ದು ಅದೇ ಜಾಗದಲ್ಲಿ ಮತ್ತೆ ನಿಂತರು. ನಾನು ಮತ್ತೆ ಹೊಡೆದೆ. ಪ್ರತಿ ಸಲ ಕೈ ತಾಗಿತು, ಪ್ರತಿ ಸಲ ನನಗೆ ನೋವಾಯಿತು. ನೋವಾಗುತ್ತಲೇ ಹೊಡೆಯಲು ಕಲಿತೆ.

ಸಾಕು ಎಂದು ನಾನೇ ಹೇಳಿದ ಮೇಲೆ ಅಪ್ಪ ಗಾರ್ಡ್ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ಗೋಡೆಯ ಬಳಿಯಿದ್ದ ಜಲಜಾಕ್ಷಿಯ ಕಡೆ ತಿರುಗಿ, "ನಿಮ್ಮ ಮಗಳನ್ನು ಸ್ವಲ್ಪ ಕಳಿಸ್ತೀರಾ ಅಮ್ಮಾ?" ಎಂದು ಕೇಳಿದರು. ಜಲಜಾಕ್ಷಿ ನನ್ನ ಮುಖ ನೋಡಿದರು. ಆಮೇಲೆ ಮಗಳ ಕೈ ಬಿಟ್ಟರು.

ಪ್ರಾಪ್ತಿ ಮೆಲ್ಲಗೆ ನಡೆದು ಬಂದಳು. ಅಪ್ಪ ಅವಳ ಎತ್ತರಕ್ಕೆ ಸರಿಯಾಗುವ ಹಾಗೆ ಮಂಡಿಯೂರಿ ಕೂತರು. ನಾನು ಅವಳ ಹಿಂದೆ ನಿಂತು ಹೆಬ್ಬೆರಳು ಹೊರಗಿರುವಂತೆ ಮುಷ್ಟಿ ಕಟ್ಟಿಸಿದೆ, ಕಾಲು ಸರಿಸಿದೆ. ಎಲ್ಲಿ ನಿಲ್ಲಿಸಬೇಕು ಅಕ್ಕ ಎಂದು ಅವಳು ಪಿಸುಗುಟ್ಟಿದಳು.

ನಿಲ್ಲಿಸುವುದು ಬೇಡ ಎಂದೆ.